ಅಂಗಳದಲ್ಲಿ ನಿಂತ ಕಾರು

2024ರ ಖಂಡೇನವಮಿಯ ಮುಂಜಾನೆ. ಪ್ರತಿವರ್ಷದ ವಾಡಿಕೆಯಂತೆ ಕಾರನ್ನು ತೊಳೆದು, ವಿಭೂತಿ ಹಚ್ಚಿ, ಚೆಂಡುಹೂವಿನ ಹಾರ ಹಾಕಬೇಕೆಂದು ನಾವು ಬಕೀಟು ಹಿಡಿದು ಅಂಗಳಕ್ಕೆ ಇಳಿದೆವು. ಹಿಂದಿನ ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಜೇಡವೊಂದು ಅಗಲವಾದ ಬಲೆ ನೇಯ್ದುಕೊಂಡು ನಿಶ್ಚಿಂತೆಯಿಂದ ಕುಳಿತಿತ್ತು. ಆ ಗಾಲಿ ಕೊನೆಯ ಸಲ ತಿರುಗಿದ್ದು ಯಾವಾಗ ಎಂದು ಜ್ಞಾಪಿಸಿಕೊಳ್ಳಲು ನಮಗೆ ತುಸು ಹೊತ್ತೇ ಹಿಡಿಯಿತು. ಶ್ರಾವಣದಲ್ಲಿ ಒಮ್ಮೆ ಬೀಗರ ಊರಿಗೆ ಹೋಗಿ ಬಂದದ್ದು, ಅಷ್ಟೆ.

ಹಬ್ಬಕ್ಕೆಂದು ಬೆಂಗಳೂರಿನಿಂದ ಬಂದಿದ್ದ ಮಗ ಇದನ್ನು ನೋಡಿ ನಕ್ಕನು. "ಅಪ್ಪಾಜಿ, ಇದನ್ನ ಮಾರಿಬಿಡ್ರಿ. ಕರೆಂಟಿನ ಕಾರು ತಗೊಳ್ಳೋಣ. ಹೊಗೆ ಇಲ್ಲ, ಸಪ್ಪಳ ಇಲ್ಲ, ಪೆಟ್ರೋಲ್ ಬಂಕಿಗೆ ಹೋಗೋ ಕೆಲಸ ಇಲ್ಲ" ಎಂದನು. ಮಾತು ಸರಿಯಾಗಿಯೇ ಇತ್ತು. ಆದರೆ ಅಡುಗೆಮನೆಯಿಂದ ನಮ್ಮ ಮನೆಯವರು ಕೇಳಿದ ಪ್ರಶ್ನೆ ಅದಕ್ಕಿಂತ ಸರಿಯಾಗಿತ್ತು: "ಇದರಾಗ ಜೇಡ ಮನೀ ಕಟ್ಟೇತಿ, ಅದರಾಗ ಕಟ್ಟಾಂಗಿಲ್ಲೇನು?"

ಆ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ.

ನಮ್ಮ ಮನೆಯವರು ಸಂಸಾರದ ಖರ್ಚನ್ನು ಡೈರಿಯಲ್ಲಿ ಬರೆದಿಡುವ ರೂಢಿಯವರು. ಹಬ್ಬ ಮುಗಿದ ಮೇಲೆ ಹತ್ತು ವರ್ಷಗಳ ಡೈರಿಗಳನ್ನು ಕೆಳಗಿಳಿಸಿ ಕಾರಿನ ಲೆಕ್ಕವನ್ನಷ್ಟೇ ಹೆಕ್ಕಿ ತೆಗೆದೆವು. 2014ರಲ್ಲಿ ಕೊಂಡಾಗ ಕೊಟ್ಟದ್ದು 5,40,000 ರೂಪಾಯಿ. ಈಗ ಮಾರಿದರೆ 1,60,000 ಬರಬಹುದೆಂದು ಪರಿಚಯದ ಮೇಸ್ತ್ರಿ ಹೇಳಿದನು. ಎಂದರೆ ಕರಗಿದ್ದು 3,80,000. ವಿಮೆಗೆ 1,10,000. ಸರ್ವೀಸು, ಟಾಯರು, ಬ್ಯಾಟರಿ ಇತ್ಯಾದಿಗಳಿಗೆ 1,30,000. ಪೆಟ್ರೋಲಿಗೆ ಸುಮಾರು 2,15,000. ಒಟ್ಟು 8,35,000 ರೂಪಾಯಿ. ಈ ಹತ್ತು ವರ್ಷಗಳಲ್ಲಿ ಕಾರು ಓಡಿದ್ದು 38,000 ಕಿಲೋಮೀಟರು. ಕಿಲೋಮೀಟರಿಗೆ 22 ರೂಪಾಯಿ ಬಿತ್ತು! ನಮ್ಮ ಓಣಿಯ ಮೂಲೆಯಲ್ಲಿ ನಿಲ್ಲುವ ಬಾಡಿಗೆ ಕಾರಿನವರು ಪರಸ್ಥಳಕ್ಕೆ ಹೋಗಿ ಬರಲು ಇದಕ್ಕಿಂತ ಬಹಳ ಕಡಿಮೆ ಕೇಳುತ್ತಾರೆ, ಅದೂ ಚಾಲಕನ ಸಮೇತ. ಹಿಂದಿನ ಒಂದು ವರ್ಷದಲ್ಲಂತೂ ಕಾರು ಅಂಗಳ ಬಿಟ್ಟು ಹೊರಬಿದ್ದ ದಿನಗಳು 41 ಮಾತ್ರ. ಉಳಿದ ದಿನಗಳಲ್ಲಿ ಅದು ನಿಂತಿತ್ತು. ನಿಂತಲ್ಲಿಯೇ ವಿಮೆ ತಿಂದಿತು.

ಹಾಗಾದರೆ ಕೊಂಡದ್ದೇಕೆ? ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆಗ ಮಗಳ ಮದುವೆಯ ಮಾತುಕತೆ ನಡೆದಿತ್ತು. ನೋಡಲು ಬರುವವರ ಕಣ್ಣಿಗೆ ಬಾಗಿಲಲ್ಲಿ ಒಂದು ಕಾರು ಬೀಳಲಿ ಎಂಬ ಆಸೆ ನಮಗಿತ್ತು. ದೇಶದ ನೂರು ಮನೆಗಳಲ್ಲಿ ಕಾರು ಇರುವುದು ಏಳೆಂಟು ಮನೆಗಳಲ್ಲಿ ಮಾತ್ರ ಎಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಆ ಏಳೆಂಟರೊಳಗೆ ಸೇರಬೇಕೆಂಬ ಹಂಬಲ ನಮ್ಮಂಥ ನೌಕರಿಯ ಮನೆತನಗಳಲ್ಲಿ ಎಷ್ಟು ಬಲವಾಗಿದೆಯೆಂಬುದನ್ನು ಓದುಗ ಬಂಧುಗಳಿಗೆ ಹೇಳಬೇಕಾಗಿಲ್ಲ. ಇದಕ್ಕಿಂತ ನೋವಿನ ಸಂಗತಿ ಇನ್ನೊಂದುಂಟು. ನಮ್ಮ ಸಮಾಜದ ಮದುವೆಗಳಲ್ಲಿ ಮಂಟಪದ ಬಾಗಿಲಿಗೆ ರಿಬ್ಬನ್ನು ಕಟ್ಟಿದ ಹೊಸ ಕಾರನ್ನು ನಿಲ್ಲಿಸಿ, ಅದರ ಬೀಗದ ಕೈಯನ್ನು ಅಳಿಯನ ಕೈಗೆ ಕೊಡುವುದನ್ನು ನಾವೇ ನೋಡಿದ್ದೇವೆ. ಹೆಣ್ಣಿನ ತಂದೆ ಹೊಲದ ಮೇಲೆ ಸಾಲ ತೆಗೆದು ತಂದ ಕಾರು ಅದು. "ಕೇಳಿಲ್ಲ, ಅವರೇ ಪ್ರೀತಿಯಿಂದ ಕೊಟ್ಟರು" ಎನ್ನುತ್ತಾರೆ. ಅಂಥ ಕಾರು ಪೆಟ್ರೋಲಿನದಾದರೇನು, ವಿದ್ಯುತ್ತಿನದಾದರೇನು?

ಇಷ್ಟಾದರೂ ನಮ್ಮ ಕಡೆ ಒಂದು ಗಟ್ಟಿಯಾದ ವಾದವಿತ್ತು. ಅವ್ವನಿಗೆ 84 ವರ್ಷ. ರಾತ್ರಿ-ಬೆರಾತ್ರಿ ಏನಾದರೂ ಆದರೆ ಮನೆಯಲ್ಲಿ ಒಂದು ವಾಹನ ಬೇಕು. ಈ ಮಾತಿಗೆ ಮಗನೂ ಮನೆಯವರೂ ಎದುರಾಡಲಿಲ್ಲ. ಕಾರು ಉಳಿಯಿತು.

2025ರ ಜನವರಿಯ ಒಂದು ರಾತ್ರಿ ಎರಡು ಗಂಟೆಯ ಹೊತ್ತಿಗೆ ಅವ್ವ ಎದೆ ಹಿಡಿದುಕೊಂಡು ಎದ್ದು ಕುಳಿತಳು. ಮೈಯೆಲ್ಲ ಬೆವರು. ನಾವು ಕೀಲಿ ತೆಗೆದುಕೊಂಡು ಓಡಿದೆವು. ಕೀಲಿ ತಿರುವಿದರೆ ಕಾರು 'ಕಟ್' ಎಂದು ಒಂದೇ ಸದ್ದು ಮಾಡಿ ಸುಮ್ಮನಾಯಿತು. ಮತ್ತೆ ತಿರುವಿದರೆ ಅದೂ ಇಲ್ಲ. ಮೂರು ವಾರ ಅಲುಗದೆ ನಿಂತದ್ದರಿಂದ ಬ್ಯಾಟರಿ ಇಳಿದುಹೋಗಿತ್ತು. ಯಾವ ರಾತ್ರಿಗಾಗಿ ಹತ್ತು ವರ್ಷ ಅದನ್ನು ಸಾಕಿದ್ದೆವೋ ಆ ರಾತ್ರಿಯೇ ಅದು ಏಳಲಿಲ್ಲ. ಮನೆಯವರು 108ಕ್ಕೆ ಫೋನು ಮಾಡುತ್ತಿದ್ದಂತೆ, ಗದ್ದಲ ಕೇಳಿ ಹಿಂದಿನ ಓಣಿಯ ಆಟೋದ ಹುಡುಗ ಎದ್ದು ಬಂದನು. "ಸರ್ರ, ಗಾಬರಿ ಆಗಬ್ಯಾಡ್ರಿ. ಆಯೀನ ಎತ್ತಿ ಹಿಂದ ಕೂಡ್ರಸ್ರಿ, ನಾ ಹತ್ತು ಮಿನಿಟಿನಾಗ ಮುಟ್ಟಸ್ತೇನಿ" ಎಂದನು, ಮುಟ್ಟಿಸಿದನು. ಅವ್ವ ಆರು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಳು. ಆ ರಾತ್ರಿಯ ಬಾಡಿಗೆಯನ್ನು ಅವನು ಇನ್ನೂ ತೆಗೆದುಕೊಂಡಿಲ್ಲ.

ಮಗನಿಗೆ ಇದನ್ನು ತಿಳಿಸಿದಾಗ ಅವನು, "ಅದಕ್ಕ ಹೇಳಿದ್ದು, ವಿದ್ಯುತ್ ಕಾರಾಗಿದ್ರ ಹಿಂಗ ಆಗ್ತಿರಲಿಲ್ಲ" ಎಂದನು. ನಾವು ತಿಳಿದವರನ್ನು ವಿಚಾರಿಸಿದೆವು. ವಿದ್ಯುತ್ ಕಾರಿನಲ್ಲಿಯೂ ದೀಪ, ಬಾಗಿಲು, ಒಳಗಿನ ಯಂತ್ರಾಂಗಗಳನ್ನು ಎಬ್ಬಿಸಲು 12 ವೋಲ್ಟಿನ ಸಣ್ಣ ಬ್ಯಾಟರಿಯೊಂದು ಬೇರೆಯೇ ಇರುತ್ತದಂತೆ. ಅದು ಸೋತರೆ ದೊಡ್ಡ ಬ್ಯಾಟರಿ ತುಂಬಿ ತುಳುಕುತ್ತಿದ್ದರೂ ಕಾರು ಏಳದು. ಎಂದಮೇಲೆ ದೋಷ ಪೆಟ್ರೋಲಿನದಲ್ಲ, ನಿಲ್ಲಿಸಿ ಇಟ್ಟ ನಮ್ಮದು.

ಆದರೂ ಮಗನ ಮಾತನ್ನು ಹಗುರಾಗಿ ತೆಗೆದುಹಾಕುವಂತಿಲ್ಲ. ವಿದ್ಯುತ್ ವಾಹನದ ಗುಣಗಳು ನಿಜವಾದವು. ಪೆಟ್ರೋಲಿನಲ್ಲಿ ಅಡಗಿದ ಶಕ್ತಿಯಲ್ಲಿ ಕಾಲು ಭಾಗವೂ ಗಾಲಿಯವರೆಗೆ ತಲುಪುವುದು ಕಷ್ಟ. ಉಳಿದುದೆಲ್ಲ ಎಂಜಿನ್ನಿನ ಬಿಸಿಯಾಗಿ, ಹೊಗೆಯಾಗಿ ಹೋಗುತ್ತದೆ. ವಿದ್ಯುತ್ ಮೋಟಾರಿನಲ್ಲಿ ಬ್ಯಾಟರಿಯಿಂದ ಹೊರಟ ಶಕ್ತಿಯ ಮುಕ್ಕಾಲಿಗೂ ಮಿಕ್ಕ ಪಾಲು ಗಾಲಿಗೆ ದಕ್ಕುತ್ತದೆ. ಇಳಿಜಾರಿನಲ್ಲಿ, ಬ್ರೇಕು ಹಾಕುವಾಗ ಅದೇ ಮೋಟಾರು ತಿರುಗಿ ವಿದ್ಯುತ್ತನ್ನು ಉತ್ಪಾದಿಸಿ ಬ್ಯಾಟರಿಗೆ ಮರಳಿಸುತ್ತದೆ. ಕ್ಲಚ್ಚಿಲ್ಲ, ಎಂಜಿನ್ ಆಯಿಲ್ ಬದಲಿಸುವ ಕೆಲಸವಿಲ್ಲ, ಸವೆಯುವ ಭಾಗಗಳು ಕಡಿಮೆ. ಸಣ್ಣ ವಿದ್ಯುತ್ ಕಾರೊಂದು 100 ಕಿಲೋಮೀಟರು ಓಡಲು ಸುಮಾರು 15 ಯೂನಿಟ್ ಸಾಕು. ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೂ 90 ರೂಪಾಯಿ. ಅಷ್ಟೇ ದೂರಕ್ಕೆ ನಮ್ಮ ಹಳೆಯ ಕಾರು, ಪೆಟ್ರೋಲು ಲೀಟರಿಗೆ ನೂರು ರೂಪಾಯಿ ಎಂದರೆ, 650 ರೂಪಾಯಿಗೂ ಹೆಚ್ಚು ಕುಡಿಯುತ್ತಿತ್ತು.

ಇದು ಹೊಸದಾಗಿ ಹುಟ್ಟಿದ ಚಮತ್ಕಾರವೂ ಅಲ್ಲ. 1900ರ ಸುಮಾರಿಗೆ ಅಮೆರಿಕದಲ್ಲಿ ವಿದ್ಯುತ್ ಕಾರುಗಳೇ ಗಣನೀಯ ಸಂಖ್ಯೆಯಲ್ಲಿದ್ದವು. ಪೆಟ್ರೋಲು ಕಾರನ್ನು ಎಬ್ಬಿಸಲು ಮುಂದೆ ನಿಂತು ಹಿಡಿಕೆ ತಿರುವಬೇಕಾಗಿದ್ದ ಆ ಕಾಲದಲ್ಲಿ ಹೆಣ್ಣುಮಕ್ಕಳಿಗೆ ವಿದ್ಯುತ್ ಕಾರೇ ಅಚ್ಚುಮೆಚ್ಚಾಗಿತ್ತು. ಪೆಟ್ರೋಲು ಕಾರಿನ ದೊರೆಯಾದ ಹೆನ್ರಿ ಫೋರ್ಡರ ಪತ್ನಿಯೇ ವಿದ್ಯುತ್ ಕಾರಿನಲ್ಲಿ ತಿರುಗಾಡುತ್ತಿದ್ದರು! ಅಗ್ಗದ ಫೋರ್ಡ್ ಕಾರು, ಅಗ್ಗದ ಪೆಟ್ರೋಲು, 1912ರಲ್ಲಿ ಬಂದ ಸೆಲ್ಫ್ ಸ್ಟಾರ್ಟರು ಇವು ಸೇರಿ ಅದನ್ನು ಮೂಲೆಗೆ ತಳ್ಳಿದವು. ನಮ್ಮ ನಾಡಿನ ಮಟ್ಟಿಗೆ ಹೇಳುವುದಾದರೆ, ಬೆಂಗಳೂರಿನಲ್ಲಿ ಚೇತನ್ ಮೈನಿಯವರ ಸಂಸ್ಥೆ 'ರೇವಾ' ಎಂಬ ಪುಟ್ಟ ವಿದ್ಯುತ್ ಕಾರನ್ನು 2001ರಲ್ಲಿಯೇ ಮಾರಾಟಕ್ಕೆ ತಂದಿತು. ಅದು ಲಂಡನ್ನಿನ ಬೀದಿಗಳಲ್ಲಿಯೂ ಓಡಿತು. 2010ರಲ್ಲಿ ಆ ಸಂಸ್ಥೆ ಮಹೀಂದ್ರದವರ ಕೈ ಸೇರಿತು. 2017ರಲ್ಲಿ ವಿದ್ಯುತ್ ವಾಹನಗಳಿಗೆಂದೇ ಒಂದು ನೀತಿಯನ್ನು ಪ್ರಕಟಿಸಿದ ಮೊದಲ ರಾಜ್ಯವೂ ಕರ್ನಾಟಕವೇ.

ಇನ್ನು, ಹೊಗೆ ಇಲ್ಲವೆಂಬ ಮಾತು. ಊರೊಳಗೆ ಹೊಗೆ ಇಲ್ಲ, ಇದು ನಿಜ. ಉಬ್ಬಸವುಳ್ಳವರಿಗೆ ಇದೇ ದೊಡ್ಡ ಉಪಕಾರ. ಆದರೆ ಆ ವಿದ್ಯುತ್ತು ರಾಯಚೂರಿನ ಶಕ್ತಿನಗರದಿಂದ ಬಂದಿದ್ದರೆ ಅಲ್ಲಿ ಕಲ್ಲಿದ್ದಲು ಉರಿದಿರುತ್ತದೆ. ಶರಾವತಿಯಿಂದಲೋ ಪಾವಗಡದ 2,050 ಮೆಗಾವಾಟಿನ ಸೌರ ಪಾರ್ಕಿನಿಂದಲೋ ಬಂದಿದ್ದರೆ ಅಷ್ಟರಮಟ್ಟಿಗೆ ನಿರ್ಮಲ. ಅಲ್ಲದೆ ಬ್ಯಾಟರಿಯನ್ನು ತಯಾರಿಸುವಾಗಲೇ ಸಾಕಷ್ಟು ಇಂಗಾಲ ಆಕಾಶಕ್ಕೆ ಸೇರಿರುತ್ತದೆ. ಅದಕ್ಕೆ ಬೇಕಾದ ಲಿಥಿಯಂ ಆಸ್ಟ್ರೇಲಿಯಾ, ಚಿಲಿಗಳ ನೆಲದಿಂದ ಬರುತ್ತದೆ. ಕೆಲವು ಬಗೆಯ ಬ್ಯಾಟರಿಗೆ ಬೇಕಾದ ಕೋಬಾಲ್ಟಿನ ಬಹುಪಾಲು ಕಾಂಗೋ ದೇಶದ ಗಣಿಗಳಿಂದ. ಈ ಆರಂಭದ ಋಣ ತೀರುವುದು ಗಾಡಿ ಓಡಿದಾಗ ಮಾತ್ರ. ಓಡಿದಷ್ಟೂ ಪೆಟ್ರೋಲು ಉಳಿಯುತ್ತದೆ, ಋಣ ಇಳಿಯುತ್ತದೆ. ನಿಂತರೆ ಋಣ ಋಣವಾಗಿಯೇ ಉಳಿಯುತ್ತದೆ.

ಹಣದ ಲೆಕ್ಕವೂ ಇದೇ ದಾರಿ ಹಿಡಿಯುತ್ತದೆ. ನಮ್ಮ 38,000 ಕಿಲೋಮೀಟರನ್ನು ವಿದ್ಯುತ್ ಕಾರಿನಲ್ಲಿ ಓಡಿದ್ದರೆ ಹತ್ತು ವರ್ಷದಲ್ಲಿ ಇಂಧನದಲ್ಲಿ ಉಳಿಯುತ್ತಿದ್ದುದು ಸುಮಾರು 1,80,000 ರೂಪಾಯಿ. ಕೊಳ್ಳುವಾಗಲೇ ಹೆಚ್ಚಿಗೆ ತೆರಬೇಕಾದ ಬೆಲೆಯಲ್ಲಿ ಅದರ ಬಹುಪಾಲು, ಕೆಲವೊಮ್ಮೆ ಪೂರ್ತಿ ಕರಗಿಬಿಡುತ್ತದೆ. ಅದೇ, ತಿಂಗಳಿಗೆ 2,000 ಕಿಲೋಮೀಟರು ಓಡಿಸುವ ಬಾಡಿಗೆ ಕಾರಿನವನಿಗೆ ವರ್ಷವೊಂದಕ್ಕೇ 1,30,000 ರೂಪಾಯಿಗೂ ಮಿಕ್ಕಿ ಉಳಿಯುತ್ತದೆ. ವಿದ್ಯುತ್ ವಾಹನದ ಲಾಭವೆಲ್ಲ ದುಡಿಯುವ ಗಾಲಿಯಲ್ಲಿದೆ. ಬಸ್ಸು, ಆಟೋ, ಟ್ಯಾಕ್ಸಿ, ಸರಕು ಹೊರುವ ಸಣ್ಣ ಗಾಡಿ, ದಿನನಿತ್ಯ ನೌಕರಿಗೆ ಹೋಗಿಬರುವವರ ಸ್ಕೂಟರು ಇವುಗಳಿಗೆ ಮೊದಲು ಸಲ್ಲಬೇಕಾದದ್ದು ನಮ್ಮಂಥ ನಿವೃತ್ತರ ಅಂಗಳಕ್ಕೆ ಏಕೆ ಬರಬೇಕು?

ಗೃಹಿಣಿಯರು ಗಮನಿಸಬೇಕಾದ ಒಂದು ಸಣ್ಣ ಸಂಗತಿ. 2023ರಲ್ಲಿ ಆರಂಭವಾದ ಗೃಹಜ್ಯೋತಿಯ ಮಿತಿ ತಿಂಗಳಿಗೆ 200 ಯೂನಿಟ್. ಅದನ್ನು ಮೀರಿದರೆ ಪೂರ್ತಿ ಬಿಲ್ಲನ್ನು ಕಟ್ಟಬೇಕು. ತಿಂಗಳಿಗೆ ಸಾವಿರ ಕಿಲೋಮೀಟರು ಓಡುವ ಕಾರು ತಾನೊಂದೇ 150 ಯೂನಿಟ್ ಕುಡಿಯುತ್ತದೆ. ಕಾರಿಗೆ ಬೇರೆ ಮೀಟರು ತೆಗೆದುಕೊಳ್ಳುವುದೇ ಲೇಸು. 2022ರಲ್ಲಿ ಕೆಲವು ವಿದ್ಯುತ್ ಸ್ಕೂಟರುಗಳು ಹೊತ್ತಿ ಉರಿದ ಸುದ್ದಿಗಳ ನಂತರ ಬ್ಯಾಟರಿಯ ಸುರಕ್ಷತಾ ನಿಯಮಗಳನ್ನು ಸರಕಾರ ಬಿಗಿಗೊಳಿಸಿದೆ. ಆದರೂ ಹಳೆಯ ವೈರಿಂಗಿನ ಮನೆಯವರು ಅರ್ಥಿಂಗನ್ನು ತೋರಿಸಿಕೊಳ್ಳದೆ ರಾತ್ರಿಯೆಲ್ಲ ಚಾರ್ಜಿಗೆ ಹಾಕಬಾರದು.

ವಿದ್ಯುತ್ ಕಾರು ಮಾಡಲಾರದ ಕೆಲಸವೂ ಒಂದಿದೆ. ರಸ್ತೆಯ ಮೇಲೆ ಅದು ಪೆಟ್ರೋಲು ಕಾರಿನಷ್ಟೇ ಜಾಗ ಹಿಡಿಯುತ್ತದೆ. ಬೆಂಗಳೂರಿನ ವಾಹನಗಳ ಸಂಖ್ಯೆ ಒಂದು ಕೋಟಿಯನ್ನು ದಾಟಿದೆ. ಅವೆಲ್ಲವೂ ನಾಳೆಯೇ ವಿದ್ಯುತ್ತಿನವಾದರೂ ಸಿಲ್ಕ್ ಬೋರ್ಡಿನ ಕೂಡುರಸ್ತೆಯಲ್ಲಿ ಜನ ಅಷ್ಟೇ ಹೊತ್ತು ನಿಲ್ಲಬೇಕು. ಹೊಗೆಯಿಲ್ಲದೆ ನಿಲ್ಲುತ್ತಾರೆ, ಅಷ್ಟೆ. ನಮ್ಮ ಧಾರವಾಡದವರಿಗೆ ಇದರ ಪರಿಹಾರ ಕಣ್ಣ ಮುಂದೆಯೇ ಇದೆ. ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವೆ 2018ರಲ್ಲಿ ಓಡಲಾರಂಭಿಸಿದ ಚಿಗರಿ ಬಸ್ಸು ತನ್ನದೇ ದಾರಿಯಲ್ಲಿ ಸಾಗುತ್ತದೆ. ರಸ್ತೆ ಅಗಲಿಸುವಾಗ ಮರಗಳು ಉರುಳಿದ ವ್ಯಥೆ ನಮಗೂ ಇದೆ, ಆರಂಭದಲ್ಲಿ ಬಂದವು ಡೀಸೆಲ್ ಬಸ್ಸುಗಳೇ. ಆದರೆ ಕಾರಿದ್ದಾಗಲೂ ಹುಬ್ಬಳ್ಳಿಗೆ ನಾವು ಹೋಗುತ್ತಿದ್ದುದು ಚಿಗರಿಯಲ್ಲಿಯೇ. ಏಕೆಂದರೆ ಅಲ್ಲಿ ಕಾರು ನಿಲ್ಲಿಸಲು ಜಾಗ ಹುಡುಕುವ ಹೊತ್ತಿಗೆ ಬಸ್ಸಿನಲ್ಲಿ ಬಂದವರು ಬಜಾರು ಮುಗಿಸಿ ಮಿರ್ಚಿ ತಿಂದು ಹೊರಟಿರುತ್ತಾರೆ. ಬೆಂಗಳೂರಿನಲ್ಲಿ 2021ರಿಂದ, ಬೆಂಗಳೂರು-ಮೈಸೂರು ನಡುವೆ 2023ರಿಂದ ವಿದ್ಯುತ್ ಬಸ್ಸುಗಳು ಸಂಚರಿಸುತ್ತಿವೆ. ಬಸ್ಸೂ ವಿದ್ಯುತ್ತೂ ಕೂಡಿದಲ್ಲಿ ಎರಡು ಪ್ರಯೋಜನಗಳೂ ಒಟ್ಟಿಗೆ ದೊರೆಯುತ್ತವೆ.

ಕಾರು ಯಾರಿಗೂ ಬೇಡವೆಂದು ನಾವು ಹೇಳಲಾರೆವು. ದಿನಕ್ಕೆ ಎರಡೇ ಬಸ್ಸು ಬರುವ ಹಳ್ಳಿಯ ವೈದ್ಯರಿಗೆ, ಕಾಲಿನ ತೊಂದರೆಯುಳ್ಳವರಿಗೆ, ರಾತ್ರಿ ಪಾಳಿಯ ಹೆಣ್ಣುಮಕ್ಕಳಿಗೆ, ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಹೋಗಬೇಕಾದವರ ಮನೆಗೆ ಅದು ಅವಶ್ಯಕ. ಅಂಥವರು ಕೊಳ್ಳುವಾಗ, ಚಾರ್ಜು ಮಾಡುವ ಅನುಕೂಲವಿದ್ದರೆ, ವಿದ್ಯುತ್ತಿನದನ್ನೇ ಕೊಳ್ಳಲಿ ಎಂಬುದು ನಮ್ಮ ಅಭಿಪ್ರಾಯ. ಅಷ್ಟೊಂದು ಓಡಾಟವಿಲ್ಲದವರು ಮೊದಲು ಒಂದು ವರ್ಷದ ಲೆಕ್ಕವನ್ನು ಡೈರಿಯಲ್ಲಿ ಬರೆದು ನೋಡಲಿ.

2025ರ ಮಾರ್ಚಿನಲ್ಲಿ ಕಾರನ್ನು ಮಾರಿದೆವು. ಬಂದದ್ದು 1,52,000. ಮೊದಲ ತಿಂಗಳು ಅಂಗಳ ಬಿಕೋ ಎನ್ನುತ್ತಿತ್ತು, ಅತಿಥಿಗಳು ಬಂದಾಗ "ಕಾರು ಎಲ್ಲಿ?" ಎಂದು ಕೇಳಿದರೆ ನಮಗೆ ಒಂದಿಷ್ಟು ಸಂಕೋಚವೂ ಆಗುತ್ತಿತ್ತು. ಅವ್ವನನ್ನು ತಿಂಗಳಿಗೊಮ್ಮೆ ಡಾಕ್ಟರ ಬಳಿಗೆ ಕರೆದೊಯ್ಯುವವನು ಆ ಹಿಂದಿನ ಓಣಿಯ ಹುಡುಗನೇ. ಈಚೆಗೆ ಅವನು ಹಳೆಯ ಆಟೋ ಕೊಟ್ಟು ವಿದ್ಯುತ್ ಆಟೋ ತಂದಿದ್ದಾನೆ. ಆದರೆ ಅವನ ಮನೆ ಇರುವುದು ಮೂರು ಮೊಳದ ಸಂದಿಯಲ್ಲಿ. ಗಾಡಿ ಒಳಗೆ ಹೋಗದು, ವೈರು ಹೊರಗೆ ಎಳೆಯಬಾರದು. ಒಂದು ಸಂಜೆ ಬಂದು ಮೆಟ್ಟಿಲ ಬಳಿ ನಿಂತು, "ಸರ್ರ, ರಾತ್ರಿ ನಿಮ್ಮ ಅಂಗಳದಾಗ ನಿಲ್ಲಿಸ್ಲೇನ್ರಿ? ಕರೆಂಟಿನ ರೊಕ್ಕ ನಾ ಕೊಡ್ತೇನಿ" ಎಂದು ಕೇಳಿದನು. ಮನೆಯ ಮೀಟರಿನಿಂದ ಬಾಡಿಗೆ ಗಾಡಿಗೆ ವಿದ್ಯುತ್ ಕೊಡುವುದು ಸರಿಯಲ್ಲವೆಂದು ಚಾರ್ಜಿಂಗಿಗೆ ಪ್ರತ್ಯೇಕ ಮೀಟರು ಕೇಳಿ ಅರ್ಜಿ ಹಾಕಿದೆವು. ಈಗ ಕಾರು ನಿಲ್ಲುತ್ತಿದ್ದ ಜಾಗದಲ್ಲಿ ರಾತ್ರಿ ಹತ್ತಕ್ಕೆ ಆಟೋ ಬಂದು ನಿಲ್ಲುತ್ತದೆ, ಬೆಳಗಿನ ಆರಕ್ಕೆ ಸದ್ದಿಲ್ಲದೆ ಹೊರಟುಹೋಗುತ್ತದೆ. ಅವ್ವ ಕಿಟಕಿಯಿಂದ ಅದರ ಹಸಿರು ದೀಪವನ್ನು ನೋಡಿ, "ಬಂದಾನೇನು?" ಎಂದು ಕೇಳಿ ಮಲಗುತ್ತಾಳೆ.