ನಮ್ಮ ಹೆದ್ದಾರಿಯಲ್ಲಿ ಸ್ವೀಡನ್ನಿನ ವೋಲ್ವೋ

ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಬೆಂಗಳೂರಿನಿಂದ ಕೋಲಾರದ ಕಡೆ ಬರುವಾಗ ಹೊಸಕೋಟೆ ತಾಲ್ಲೂಕಿನಲ್ಲಿ ಯಲಚಹಳ್ಳಿ ಎಂಬ ಊರಿದೆ. ತಾವರೆಕೆರೆ ಅಂಚೆಗೆ ಸೇರಿದ ಈ ಹಳ್ಳಿಯ ಹೆಸರು ಕೇಳಿದವರು ಕಡಿಮೆ. ಇಲ್ಲಿ ತಯಾರಾದ ಬಸ್ಸನ್ನು ಹತ್ತದವರು, ಕಡೇಪಕ್ಷ ನೋಡದವರು ಮಾತ್ರ ಕರ್ನಾಟಕದಲ್ಲಿ ಸಿಗುವುದು ಕಷ್ಟ. ಸ್ವೀಡನ್ನಿನ ವೋಲ್ವೋ 1998ರಲ್ಲಿ ಇಲ್ಲಿ ಲಾರಿ ಕಟ್ಟಲು ಶುರುಮಾಡಿತು. 2001ರಲ್ಲಿ ಅದೇ ಕಂಪನಿಯ ಬಸ್ಸು ಭಾರತದ ರಸ್ತೆಗಿಳಿಯಿತು. 2017ರಿಂದ ಕಾರುಗಳ ಜೋಡಣೆಯೂ ಇಲ್ಲೇ ನಡೆಯುತ್ತಿದೆ.

ಬೇರೆ ದೇಶಗಳಲ್ಲಿ ವೋಲ್ವೋ ಎಂದರೆ ಕಾರು. ಗುದ್ದಿದರೂ ಒಳಗಿದ್ದವರನ್ನು ಉಳಿಸುವ, ಮನೆಮಂದಿಯ ಗಟ್ಟಿ ಕಾರು. ನಮ್ಮಲ್ಲಿ ಮಾತ್ರ ಲಾರಿ ಮೊದಲು ಬಂತು, ಬಸ್ಸು ಆಮೇಲೆ, ಕಾರು ಕೊನೆಗೆ. ಹಾಗಾಗಿ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಬಹುಪಾಲು ಜನ ವೋಲ್ವೋ ಕೊಂಡವರಲ್ಲ, ಟಿಕೆಟ್ ಕೊಂಡು ಅದರಲ್ಲಿ ಕೂತವರು. ಅಷ್ಟಾದರೂ ಇಲ್ಲಿನ ಪ್ರತಿಯೊಂದು ಆಲ್ಟೊ, ಬೊಲೆರೊ, ಇನೋವಾದೊಳಗೆ ವೋಲ್ವೋದ ಒಂದು ವಸ್ತು ಇದ್ದೇ ಇದೆ. ಅದು ಹೇಗೆ ಬಂತೆಂದು ತಿಳಿಯಲು ಕಂಪನಿಯ ಕತೆಯನ್ನು ಸ್ವಲ್ಪ ಹಿಂದಿನಿಂದ ನೋಡಬೇಕು.

ಬೇರಿಂಗ್ ಕಂಪನಿಯಿಂದ ಹುಟ್ಟಿದ್ದು

ಬಾಲ್ ಬೇರಿಂಗ್‌ಗೆ ಹೆಸರಾದ ಎಸ್‌ಕೆಎಫ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ ಅಸ್ಸಾರ್ ಗೇಬ್ರಿಯಲ್‌ಸನ್ ಲೆಕ್ಕ, ಮಾರಾಟ ಬಲ್ಲವರು. ಗುಸ್ತಾಫ್ ಲಾರ್ಸನ್ ಎಂಜಿನಿಯರ್. ಇಬ್ಬರೂ ಸೇರಿ, ಎಸ್‌ಕೆಎಫ್‌ನ ಬೆಂಬಲದಿಂದಲೇ, ಗೋಥೆನ್‌ಬರ್ಗ್ ನಗರದಲ್ಲಿ ಕಾರು ಕಾರ್ಖಾನೆ ಹಾಕಿದರು. 1927ರ ಏಪ್ರಿಲ್ 14ರಂದು ಮೊದಲ ಕಾರು ಹೊರಬಂತು. ಹಿಮ ಬೀಳುವ ದೇಶದಲ್ಲಿ ಅದು ಮೇಲ್ಭಾಗ ತೆರೆದ ಕಾರು! ಮರುವರ್ಷ ಬಂದ ಲಾರಿಯೇ ಆರಂಭದ ದಿನಗಳಲ್ಲಿ ಕಂಪನಿಯ ಕೈಹಿಡಿಯಿತು. ಓಡಿಸುವವರು ಮನುಷ್ಯರು, ಆದ್ದರಿಂದ ಏನೇ ಮಾಡಿದರೂ ಮೊದಲು ಅವರ ಜೀವ ನೋಡಬೇಕು ಎಂಬುದು ಈ ಇಬ್ಬರ ನಿಲುವಾಗಿತ್ತು.

ಇಂಥ ಮಾತನ್ನು ಯಾವ ಕಂಪನಿಯೂ ಆಡಬಹುದು. ವೋಲ್ವೋ ಅದನ್ನು ಒಂದೊಂದೇ ಭಾಗದಲ್ಲಿ ಮಾಡಿ ತೋರಿಸುತ್ತ ಬಂತು. 1944ರಲ್ಲಿ ಪ್ರದರ್ಶಿಸಿದ ಪಿವಿ444 ಕಾರಿಗೆ ಒಡೆದರೂ ಚೂರಾಗಿ ಮುಖಕ್ಕೆ ಸಿಡಿಯದ, ಪದರಗಳಿರುವ ಗಾಜು ಹಾಕಿತು. 1964ರಲ್ಲಿ ಮಕ್ಕಳನ್ನು ಹಿಂದಕ್ಕೆ ಮುಖಮಾಡಿ ಕೂರಿಸುವ ಸೀಟಿನ ಮಾದರಿ ತಯಾರಿಸಿತು. 1991ರಲ್ಲಿ ಪಕ್ಕದಿಂದ ಬೀಳುವ ಏಟನ್ನು ಇಡೀ ಬಾಡಿಗೆ ಹಂಚುವ ರಚನೆ ತಂದಿತು. 1998ರಲ್ಲಿ ಹಿಂದಿನಿಂದ ಗುದ್ದಿದಾಗ ಕತ್ತು ಉಳುಕದಂತೆ ಸೀಟೇ ಹಿಂದಕ್ಕೆ ಬಾಗುವ ಉಪಾಯ ಬಂತು. 2008ರಲ್ಲಿ, ಚಾಲಕ ಮೈಮರೆತರೆ ಕಾರೇ ಬ್ರೇಕ್ ಹಾಕುವ ವ್ಯವಸ್ಥೆ ಬಂತು.

ಇದೆಲ್ಲಕ್ಕೂ ಆಧಾರ, ರಸ್ತೆಯಲ್ಲಿ ನಡೆದ ನಿಜವಾದ ಅಪಘಾತ. 1970ರಿಂದ ವೋಲ್ವೋದ ಒಂದು ತಂಡದ ಕೆಲಸವೇ ಅಪಘಾತವಾದ ಜಾಗಕ್ಕೆ ಹೋಗಿ ಟೈರಿನ ಗುರುತು, ನುಜ್ಜಾದ ಬಾಗಿಲು, ಗಾಯದ ಬಗೆ ಎಲ್ಲವನ್ನೂ ಬರೆದುಕೊಳ್ಳುವುದು. ಸ್ವೀಡನ್ನಿನ ಕಾಡುರಸ್ತೆಗೆ ಮೂಸ್ ಎಂಬ ಭಾರಿ ಕಡವೆ ಅಡ್ಡ ಬರುತ್ತದೆ. ಅದರ ಕಾಲು ಉದ್ದ. ಕಾರು ಕಾಲಿಗೆ ಗುದ್ದಿದರೆ ಮೈಯೆಲ್ಲ ಬಾನೆಟ್ ದಾಟಿ ನೇರ ಮುಂದಿನ ಗಾಜಿನ ಮೇಲೆ ಬೀಳುತ್ತದೆ. ಹಾಗಾಗಿ ಗಾಜಿನ ಎರಡು ಬದಿಯ ಕಂಬ, ಮೇಲಿನ ಛಾವಣಿ ಅಷ್ಟು ಗಟ್ಟಿಯಿರಬೇಕೆಂದು ಅವರು ಕಲಿತರು. ರಾತ್ರಿ ಹೆದ್ದಾರಿಯಲ್ಲಿ ಎಮ್ಮೆ ಅಡ್ಡ ಬಂದ ಅನುಭವ ಇರುವ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೀಗೆ ಕೂಡಿಸಿದ 40,000ಕ್ಕೂ ಹೆಚ್ಚು ಕಾರುಗಳ ಅಪಘಾತದ ತಿಳಿವಳಿಕೆಯನ್ನು 2019ರಲ್ಲಿ ಕಂಪನಿ ಎಲ್ಲರಿಗೂ ತೆರೆದಿಟ್ಟಿತು. ಕಾರು ಗುದ್ದಿಸಿ ನೋಡುವ ಪರೀಕ್ಷೆಗೆ ಗಂಡಸಿನ ಅಳತೆಯ ಬೊಂಬೆಯನ್ನೇ ಕೂರಿಸುವುದರಿಂದ ಹೆಂಗಸರಿಗೆ ಹೆಚ್ಚು ಪೆಟ್ಟಾಗುತ್ತದೆ ಎಂಬ ವಿಷಯ ಜೋರಾಗಿ ಚರ್ಚೆಗೆ ಬಂದದ್ದೂ ಆಗಲೇ.

ಟಿಕೆಟ್ ಕೊಂಡರೆ ನಿಮ್ಮದು

2001ಕ್ಕೆ ಮುಂಚಿನ ನಮ್ಮ ದೂರಪ್ರಯಾಣದ ಬಸ್ಸು ನೆನಪಿದೆಯೇ? ಲಾರಿಯ ಚಾಸಿಸ್ ತಂದು ಅದರ ಮೇಲೆ ಬಾಡಿ ಕಟ್ಟಿಸುತ್ತಿದ್ದರು. ಎಂಜಿನ್ ಚಾಲಕನ ಪಕ್ಕದಲ್ಲೇ ಕುದಿಯುತ್ತಿತ್ತು. ಮೂಟೆ, ಟ್ರಂಕು ಎಲ್ಲ ತಲೆಯ ಮೇಲೆ. ತಿರುವಿನಲ್ಲಿ ಬಸ್ಸು ಒಂದು ಕಡೆ ವಾಲಿದರೆ ಒಳಗಿದ್ದವರು ಗೋವಿಂದನನ್ನು ನೆನೆಯುತ್ತಿದ್ದರು.

ವೋಲ್ವೋದ ಬಿ7ಆರ್ ಇದನ್ನು ಬುಡಮೇಲು ಮಾಡಿತು. ಏಳು ಲೀಟರಿನ ಎಂಜಿನ್ ಹಿಂದಕ್ಕೆ ಹೋಯಿತು, ಸಾಮಾನು ನೆಲದಡಿಯ ಡಿಕ್ಕಿಗೆ ಇಳಿಯಿತು, ಪಟ್ಟಿ ಸ್ಪ್ರಿಂಗಿನ ಜಾಗಕ್ಕೆ ಗಾಳಿಯ ಬೆಲ್ಲೋಸ್ ಬಂತು, ಬ್ರೇಕ್ ಒತ್ತಿದರೆ ಚಕ್ರ ಜಾರದಂತೆ ಎಬಿಎಸ್ ಬಂತು. ಸರ್ಕಾರಿ ಸಾರಿಗೆಯಲ್ಲಿ ಇದನ್ನು ಮೊದಲು ತಂದವರಲ್ಲಿ ನಮ್ಮ ಕೆಎಸ್‌ಆರ್‌ಟಿಸಿಯೂ ಒಂದು. ಬಿಳಿ ಬಣ್ಣ ಬಳಿದು ಐರಾವತ ಎಂದು ಹೆಸರಿಟ್ಟಿತು. ಕೋಲಾರ, ಮುಳಬಾಗಿಲು ದಾಟಿ ಚಿತ್ತೂರಿನ ಮೇಲೆ ತಿರುಪತಿಗೆ ಹೋಗುವ ದಾರಿಯಲ್ಲಿ ಕೆಂಪು ಬಸ್ಸುಗಳ ನಡುವೆ ಬಿಳಿ ಬಸ್ಸೂ ಕಾಣತೊಡಗಿತು. 2006ರಲ್ಲಿ ಬಿಎಂಟಿಸಿ ನಗರದೊಳಗೂ ವೋಲ್ವೋ ಓಡಿಸಿತು. ಭಾರತದಲ್ಲಿ ನಗರ ಸಾರಿಗೆಗೆ ವೋಲ್ವೋ ಬಂದದ್ದು ಅದೇ ಮೊದಲು. ಕೋಲಾರದಿಂದ ಕೆ.ಆರ್. ಪುರಕ್ಕೆ ಬಂದಿಳಿದು ವೈಟ್‌ಫೀಲ್ಡಿನ ಕೆಲಸಕ್ಕೆ ಹೋಗುವವರು ಆ ಬಸ್ಸಿನ ಒಂದು ಚಮತ್ಕಾರ ನೋಡಿರುತ್ತಾರೆ. ಸ್ಟಾಪಿನಲ್ಲಿ ಚಾಲಕ ಗುಂಡಿ ಒತ್ತಿದರೆ ಬೆಲ್ಲೋಸಿನ ಗಾಳಿ ಉಸ್ಸೆಂದು ಹೊರಬಂದು ಬಸ್ಸು ಬಾಗಿಲ ಕಡೆಗೆ ತಗ್ಗುತ್ತಿತ್ತು. ಮಂಡಿನೋವಿನ ಅಜ್ಜಿಯೂ ಫುಟ್‌ಪಾತಿನಿಂದ ನೇರ ಒಳಗೆ ಕಾಲಿಡಬಹುದಿತ್ತು. 2023ರಲ್ಲಿ ಸೇರಿದ ಅಂಬಾರಿ ಉತ್ಸವ ಸ್ಲೀಪರ್‌ಗಳವರೆಗೆ ಈ ಸಾಲು ಮುಂದುವರಿದಿದೆ. ಹೆಂಗಸರಿಗೆ ಉಚಿತ ಪ್ರಯಾಣ ಕೊಟ್ಟ ಶಕ್ತಿ ಯೋಜನೆ ಮಾತ್ರ ಇವಕ್ಕೆ ಅನ್ವಯಿಸುವುದಿಲ್ಲ. ಐರಾವತಕ್ಕೆ ಎಲ್ಲರೂ ದುಡ್ಡು ಕೊಡಲೇಬೇಕು.

ಸ್ವೀಡನ್ನಿನ ಇನ್ನೊಂದು ಕಂಪನಿ ಸ್ಕ್ಯಾನಿಯಾ ಕೋಲಾರ ಜಿಲ್ಲೆಯೊಳಕ್ಕೇ ಬಂದು, ನರಸಾಪುರದಲ್ಲಿ ನೆಲೆಯೂರಿ, 2015ರಲ್ಲಿ ಬಸ್ ಕಾರ್ಖಾನೆ ತೆರೆದಿತ್ತು. ಕೆಎಸ್‌ಆರ್‌ಟಿಸಿಯ ಡೈಮಂಡ್ ಕ್ಲಾಸ್ ಅವರದೇ. ಆದರೆ ಕೆಲವೇ ವರ್ಷಗಳಲ್ಲಿ ಅಲ್ಲಿ ಬಸ್ಸು ಕಟ್ಟುವುದು ನಿಂತಿತು. ಒಂದೇ ಹೆದ್ದಾರಿಯ ಎರಡು ಸ್ವೀಡಿಷ್ ಬಸ್ಸುಗಳಲ್ಲಿ ಉಳಿದದ್ದು ವೋಲ್ವೋ.

ಬೆಂಕಿ ಕಲಿಸಿದ್ದು

ಹೆಸರು ಎಷ್ಟೇ ದೊಡ್ಡದಿದ್ದರೂ ಅದೊಂದೇ ಕಾಪಾಡುವುದಿಲ್ಲ. 2013ರ ಅಕ್ಟೋಬರ್ 30ರ ನಸುಕಿನಲ್ಲಿ ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟಿದ್ದ ಖಾಸಗಿ ವೋಲ್ವೋ ಬಸ್ಸು ಮಹಬೂಬ್‌ನಗರ ಜಿಲ್ಲೆಯ ಪಾಲೆಂ ಬಳಿ ಮೋರಿಯ ಗೋಡೆಗೆ ಉಜ್ಜಿ ಹೊತ್ತಿಕೊಂಡಿತು. 45 ಮಂದಿ ಸತ್ತರು. ಹದಿನೈದೇ ದಿನಕ್ಕೆ, ನವೆಂಬರ್ 14ರಂದು, ಹಾವೇರಿ ಬಳಿ ಮುಂಬೈಗೆ ಹೋಗುತ್ತಿದ್ದ ಇನ್ನೊಂದು ಖಾಸಗಿ ವೋಲ್ವೋ ಸುಟ್ಟು 7 ಜನ ಸತ್ತರು. ಎಸಿ ಬಸ್ಸಿನ ಕಿಟಕಿ ತೆರೆಯುವುದಿಲ್ಲ. ಹೊರಬರುವ ದಾರಿ ಯಾವುದೆಂದು ನಿದ್ದೆಗಣ್ಣಿನವರಿಗೆ ಗೊತ್ತಿರಲಿಲ್ಲ. ಆಮೇಲೆ ಹೆಚ್ಚುವರಿ ತುರ್ತು ಬಾಗಿಲು ಬಂತು, ಗಾಜು ಒಡೆಯುವ ಸುತ್ತಿಗೆ ಬಂತು. ಇಂದಿಗೂ ಸ್ಲೀಪರ್ ಹತ್ತಿದವರು ಮೊದಲು ಹುಡುಕಬೇಕಾದ್ದು ಚಾರ್ಜಿಂಗ್ ಪಾಯಿಂಟನ್ನಲ್ಲ, ಸುತ್ತಿಗೆಯನ್ನು.

ಕಾರಿನ ಮಾತೂ ಅಷ್ಟೇ. 2024ರ ಡಿಸೆಂಬರ್ 21ರಂದು ನೆಲಮಂಗಲ ಬಳಿ ಕಂಟೇನರ್ ಲಾರಿಯೊಂದು ವಿಭಜಕ ಹಾರಿ ವೋಲ್ವೋ ಎಕ್ಸ್‌ಸಿ90 ಮೇಲೆ ಉರುಳಿತು. ಒಂದೇ ಕುಟುಂಬದ ಆರು ಮಂದಿ ತೀರಿಕೊಂಡರು. ಟನ್‌ಗಟ್ಟಲೆ ಭಾರ ಮೇಲಿಂದ ಬಿದ್ದರೆ ತಡೆಯುವ ಛಾವಣಿಯನ್ನು ಯಾರೂ ಮಾಡಿಲ್ಲ. ಕಾರು ಕಾಪಾಡುವುದು ಅರ್ಧ. ಉಳಿದರ್ಧ ರಸ್ತೆ, ಎದುರಿನ ಚಾಲಕ ಮತ್ತು ನಮ್ಮ ಕೈಯಲ್ಲಿದೆ.

ಕೆಎ-07 ಫಲಕ ಹಾಕಿಸುವವರಿಗೆ

ವೋಲ್ವೋ ಕಾರು ಭಾರತಕ್ಕೆ ಬಂದದ್ದು 2007ರಲ್ಲಿ. ಬಸ್ಸು ಮತ್ತು ಕಾರಿಗೆ ಹೆಸರು ಒಂದೇ ಆದರೂ ಒಡೆತನ ಬೇರೆ. 1999ರಲ್ಲಿ ಕಾರಿನ ವಿಭಾಗವನ್ನು ಅಮೆರಿಕದ ಫೋರ್ಡ್ ಕೊಂಡಿತು. 2010ರಲ್ಲಿ ಅದು ಚೀನಾದ ಗೀಲಿ ಕೈಗೆ ಹೋಯಿತು. ಲಾರಿ, ಬಸ್ಸು ಸ್ವೀಡನ್ನಿನ ವೋಲ್ವೋ ಸಮೂಹದಲ್ಲೇ ಉಳಿದವು. ಕಾರಿನ ಭಾಗಗಳು ಹೊರದೇಶದಿಂದ ಬಂದು ಹೊಸಕೋಟೆಯಲ್ಲಿ ಜೋಡಣೆಯಾಗುತ್ತವೆ. 2017ರಲ್ಲಿ ಎಕ್ಸ್‌ಸಿ90ಯಿಂದ ಶುರುವಾದ ಈ ಕೆಲಸ ಈಗ ವಿದ್ಯುತ್ ಕಾರಿಗೂ ಹಬ್ಬಿದೆ. 2022ರಲ್ಲಿ ಎಕ್ಸ್‌ಸಿ40 ರೀಚಾರ್ಜ್ ಬಂದಾಗ ಅದರ ಶೋರೂಮ್ ಬೆಲೆ 55.9 ಲಕ್ಷ ರೂಪಾಯಿ ಇತ್ತು.

2023ರ ಜುಲೈನಲ್ಲಿ ಕೋಲಾರ ಎಪಿಎಂಸಿಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿತ್ತು. ಅಂಥ ಸುಗ್ಗಿ ಕಂಡವರಿಗೂ ಇದು ಎರಡು ಸಲ ಯೋಚಿಸುವ ಬೆಲೆ. ಕೊಂಡ ಮೇಲೆ ನೆನಪಿಡಬೇಕಾದ್ದೂ ಇದೆ. ಸರ್ವೀಸಿಗೆ ಬೆಂಗಳೂರಿಗೇ ಹೋಗಬೇಕು. ಭಾಗಗಳು ದುಬಾರಿ, ಕೆಲವಕ್ಕೆ ಕಾಯಬೇಕು. ತಾನಾಗಿ ಬ್ರೇಕ್ ಹಾಕುವ ಕಾರಿನ ಕ್ಯಾಮೆರಾ ಇರುವುದು ಮುಂದಿನ ಗಾಜಿನ ಹಿಂದೆ. ಜಲ್ಲಿ ಸಿಡಿದು ಗಾಜು ಬಿರುಕು ಬಿಟ್ಟರೆ ಬರೀ ಗಾಜು ಬದಲಿಸಿದರೆ ಸಾಲದು, ಕ್ಯಾಮೆರಾವನ್ನೂ ಮತ್ತೆ ಹೊಂದಿಸಬೇಕು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಗಾಜು ಎಲ್ಲಿ ಬದಲಾಯಿತು, ಏರ್‌ಬ್ಯಾಗ್ ಯಾವಾಗಲಾದರೂ ತೆರೆದಿತ್ತೇ ಎಂದು ಸರ್ವೀಸ್ ದಾಖಲೆಯಲ್ಲಿ ನೋಡುವುದು ಒಳ್ಳೆಯದು. ದುಬಾರಿ ಕಾರುಗಳ ಮರುಮಾರಾಟದ ಬೆಲೆ ಬೇಗ ಇಳಿಯುತ್ತದೆ. ಮಾರುವವನಿಗೆ ನಷ್ಟ, ಎಚ್ಚರದಿಂದ ಕೊಳ್ಳುವವನಿಗೆ ಲಾಭ.

ಇನ್ನು ಬಾಳಿಕೆ. ನ್ಯೂಯಾರ್ಕ್ ರಾಜ್ಯದ ಲಾಂಗ್ ಐಲೆಂಡಿನ ಮೇಷ್ಟ್ರು ಅರ್ವ್ ಗಾರ್ಡನ್ 1966ರಲ್ಲಿ ಕೊಂಡ ವೋಲ್ವೋ ಪಿ1800 ಅನ್ನು 2013ರ ಹೊತ್ತಿಗೆ 30 ಲಕ್ಷ ಮೈಲಿ, ಅಂದರೆ ಸುಮಾರು 48 ಲಕ್ಷ ಕಿಲೋಮೀಟರ್ ಓಡಿಸಿ ಗಿನ್ನೆಸ್ ದಾಖಲೆ ಮಾಡಿದರು. ಅವರು ಹೇಳುತ್ತಿದ್ದ ಗುಟ್ಟು ಕಾಲಕಾಲಕ್ಕೆ ಆಯಿಲ್ ಬದಲಿಸುವುದು, ಕಂಪನಿ ಪುಸ್ತಕದಲ್ಲಿ ಬರೆದಂತೆ ನಡೆಯುವುದು. 2020ರಿಂದ ವೋಲ್ವೋ ತನ್ನ ಹೊಸ ಕಾರುಗಳ ವೇಗವನ್ನು ಗಂಟೆಗೆ 180 ಕಿ.ಮೀ.ಗೆ ಕಟ್ಟಿಹಾಕಿದೆ. ವೇಗವನ್ನೇ ಜಾಹೀರಾತು ಮಾಡುವ ವ್ಯಾಪಾರದಲ್ಲಿ ಇದು ಧೈರ್ಯದ ಕೆಲಸ.

ಕಾಸಿಲ್ಲದೆ ಸಿಕ್ಕ ವೋಲ್ವೋ

ಈಗ ಪ್ರತಿ ಕಾರಿನಲ್ಲೂ ಇರುವ ಆ ವಸ್ತುವಿನ ಮಾತು. ಅದು ಸೀಟ್ ಬೆಲ್ಟ್. 1950ರ ದಶಕದ ಬೆಲ್ಟ್ ಬರೀ ಸೊಂಟಕ್ಕೆ ಕಟ್ಟುವ ಪಟ್ಟಿ. ಬಕಲ್ ಹೊಟ್ಟೆಯ ಮೇಲೆ. ಗುದ್ದಿದರೆ ತಲೆ ಮುಂದಕ್ಕೆ ಮುಗ್ಗರಿಸುತ್ತಿತ್ತು, ಪಟ್ಟಿಯೇ ಕರುಳಿಗೆ ಒತ್ತುತ್ತಿತ್ತು. ಸಾಬ್ ಕಂಪನಿಯಲ್ಲಿ ಯುದ್ಧವಿಮಾನದ ಪೈಲಟ್ ಸೀಟು ಹೊರಚಿಮ್ಮುವ ವ್ಯವಸ್ಥೆ ಮಾಡುತ್ತಿದ್ದ ಎಂಜಿನಿಯರ್ ನಿಲ್ಸ್ ಬೋಲಿನ್ ವೋಲ್ವೋಗೆ ಬಂದು ಸರಳವಾಗಿ ಯೋಚಿಸಿದರು. ಎದೆಗೂ ಸೊಂಟಕ್ಕೂ ಒಂದೇ ಪಟ್ಟಿ, ಅದನ್ನು ಮೂರು ಕಡೆ ಬಿಗಿಯಬೇಕು, ಬಕಲ್ ಪಕ್ಕೆಯ ಬಳಿ ಇರಬೇಕು, ಒಂದೇ ಕೈಯಲ್ಲಿ ಹಾಕಿಕೊಳ್ಳುವಂತಿರಬೇಕು. ಏಟಿನ ಬಲ ಪಕ್ಕೆಲುಬು ಮತ್ತು ಸೊಂಟದ ಗಟ್ಟಿ ಮೂಳೆಗೆ ಹಂಚಿಹೋಗುತ್ತದೆ. 1959ರಲ್ಲಿ ಇದು ವೋಲ್ವೋ ಕಾರುಗಳಿಗೆ ಬಂತು. ಪೇಟೆಂಟ್ ಇದ್ದರೂ ಕಂಪನಿ ಅದನ್ನು ಬೇರೆ ಎಲ್ಲ ತಯಾರಕರಿಗೂ ಬಿಟ್ಟುಕೊಟ್ಟಿತು. ಸ್ವೀಡನ್ನಿನ 28,000 ಅಪಘಾತಗಳ ಅಧ್ಯಯನವನ್ನು 1967ರಲ್ಲಿ ಬೋಲಿನ್ ಮಂಡಿಸಿದಾಗ, ಗಂಟೆಗೆ 60 ಮೈಲಿಗಿಂತ, ಅಂದರೆ ಸುಮಾರು 96 ಕಿ.ಮೀ.ಗಿಂತ ಕಡಿಮೆ ವೇಗದಲ್ಲಿ ಈ ಬೆಲ್ಟ್ ಹಾಕಿದ್ದ ಒಬ್ಬರೂ ಸತ್ತಿರಲಿಲ್ಲ.

ನಿಮ್ಮ ಕಾರಿನಲ್ಲೇ ನೋಡಬಹುದು. ಬೆಲ್ಟನ್ನು ಮೆಲ್ಲಗೆ ಎಳೆದರೆ ಬರುತ್ತದೆ, ಥಟ್ಟನೆ ಜಗ್ಗಿದರೆ ಕಚ್ಚಿಕೊಳ್ಳುತ್ತದೆ. ಕಚ್ಚದಿದ್ದರೆ ಇಂದೇ ಗ್ಯಾರೇಜಿಗೆ ಹೋಗಿ.

2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ಬೆಲ್ಟ್ ಹಾಕದವರಿಗೆ ಸಾವಿರ ರೂಪಾಯಿ ದಂಡ ಗೊತ್ತುಮಾಡಿತು. 2022ರ ಸೆಪ್ಟೆಂಬರ್‌ನಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ಹಿಂದಿನ ಸೀಟಿನಲ್ಲಿ ಬೆಲ್ಟಿಲ್ಲದೆ ಕೂತಿದ್ದಾಗ ಅಪಘಾತದಲ್ಲಿ ತೀರಿಕೊಂಡ ಮೇಲೆ ಹಿಂದಿನ ಸೀಟಿನ ಮಾತೂ ಎದ್ದಿತು. ಅದೇ ಹೊತ್ತಿಗೆ ಬೆಲ್ಟ್ ಹಾಕದೆಯೇ ಕಾರಿನ ಬೀಪ್ ಸದ್ದು ಅಡಗಿಸುವ ಪುಟ್ಟ ಕ್ಲಿಪ್ಪುಗಳು ಆನ್‌ಲೈನಿನಲ್ಲಿ ಬಿಕರಿಯಾಗುತ್ತಿದ್ದವು. 2023ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ತೆಗೆಸಿದ್ದು ಅಂಥ 13 ಸಾವಿರಕ್ಕೂ ಹೆಚ್ಚು ಜಾಹೀರಾತುಗಳನ್ನು!

ಈಗ ಹೊಸಕೋಟೆಯಿಂದ ಮಾಲೂರು, ಬಂಗಾರಪೇಟೆ, ಕೆಜಿಎಫ್ ಬದಿಯಿಂದ ಸಾಗುವ ಚೆನ್ನೈ ಎಕ್ಸ್‌ಪ್ರೆಸ್‌ವೇಯ ನಮ್ಮ ಭಾಗದಲ್ಲಿ, ಸುಮಾರು 71 ಕಿ.ಮೀ. ಉದ್ದಕ್ಕೂ ವಾಹನಗಳು ಓಡುತ್ತಿವೆ. ಊರೊಳಗಿನ ನಲವತ್ತರ ವೇಗಕ್ಕೆ ಒಗ್ಗಿದ ಕಾರು ಅಲ್ಲಿ ನೂರು ದಾಟುವುದು ಗೊತ್ತೇ ಆಗುವುದಿಲ್ಲ. ಮುಂದಿನವರು ಪೊಲೀಸರಿಗೆ ಹೆದರಿಯಾದರೂ ಬೆಲ್ಟ್ ಹಾಕುತ್ತಾರೆ. ಹಿಂದೆ ಅಜ್ಜಿ, ಮಕ್ಕಳು, ತೊಡೆಯ ಮೇಲಿನ ಮಗು ಯಾರಿಗೂ ಬೆಲ್ಟ್ ಇರುವುದಿಲ್ಲ. ಮದುವೆಗೋ ತಿರುಪತಿಗೋ ಹೊರಟಾಗಂತೂ ಕೇಳುವುದೇ ಬೇಡ. ಬೇಕೆಂದರೂ ಹಿಂದಿನ ಬಕಲ್ ಕೈಗೆ ಸಿಗದಿರಲು ಕಾರಣ, ಹೊಸ ಕಾರಿಗೆ ಅಕ್ಕರೆಯಿಂದ ಹೊಲಿಸಿದ ಸೀಟ್ ಕವರ್. ಬಕಲ್ ಅದರಡಿಯೇ ಹೂತಿರುತ್ತದೆ. ಲಕ್ಷಾಂತರ ರೂಪಾಯಿಯ ಕಾರಿನಲ್ಲಿ ಅತಿ ಅಗ್ಗದ, ಅತಿ ನಂಬಿಕೆಯ ಸುರಕ್ಷತೆಯನ್ನು ನಾವೇ ಮುಚ್ಚಿಸಿಕೊಂಡಿರುತ್ತೇವೆ. ಮುಂದಿನ ಸಲ ಕವರ್ ಹೊಲಿಸುವಾಗ ಹಿಂದಿನ ಮೂರೂ ಬಕಲ್‌ಗೆ ಜಾಗ ಬಿಡಿಸಿ ಎಂದು ಅಂಗಡಿಯವರಿಗೆ ಹೇಳಿ. ಈಗಾಗಲೇ ಹೊಲಿಸಿದ್ದರೆ ಕತ್ತರಿ ತಗೊಂಡು ನೀವೇ ಬಿಡಿಸಿಕೊಳ್ಳಿ.