ಬಾವುಟ ಕೊಟ್ಟ ಪತ್ತೇದಾರಿ ಕಾದಂಬರಿಕಾರ

ಮಧುಗಿರಿಯಲ್ಲಿ ಪಾವಗಡದ ಬಸ್ಸು ಹತ್ತಿದರೆ ಮಿಡಿಗೇಶಿ ದಾಟಿದ ಮೇಲೆ ಒಂದಷ್ಟು ದೂರ ಆಂಧ್ರದೊಳಗೆ ಹಾದು ಮತ್ತೆ ಕರ್ನಾಟಕಕ್ಕೆ ಬರಬೇಕು. ಪಾವಗಡ ತುಮಕೂರು ಜಿಲ್ಲೆಯದೇ ತಾಲ್ಲೂಕು, ಆದರೆ ಸುತ್ತ ಬಹುಪಾಲು ಆಂಧ್ರ. ಎಷ್ಟೋ ಮನೆಗಳ ಮಾತು ತೆಲುಗು. ಇಂಥ ಕಡೆ ಅರಿಶಿನ-ಕುಂಕುಮದ ಕನ್ನಡ ಬಾವುಟಕ್ಕೆ ಬೆಂಗಳೂರಿನಲ್ಲಿ ಇಲ್ಲದ ತೂಕವಿದೆ. ನವೆಂಬರ್ ಬಂದರೆ ಶಿರಾ, ಕೊರಟಗೆರೆಯ ಆಟೊ ಸ್ಟ್ಯಾಂಡುಗಳಲ್ಲೂ ಅದೇ ಬಾವುಟ. ಅದನ್ನು ರೂಪಿಸಿದವರು ಮ. ರಾಮಮೂರ್ತಿ ಎಂದು ಗೊತ್ತಿರುವವರು ಅಲ್ಲೊಬ್ಬರು ಇಲ್ಲೊಬ್ಬರು ಸಿಕ್ಕಾರು. ಅದೇ ರಾಮಮೂರ್ತಿ 100ಕ್ಕೂ ಮಿಕ್ಕಿ ಪತ್ತೇದಾರಿ ಕಾದಂಬರಿ ಬರೆದಿದ್ದರು ಎಂದರೆ ಅವರೂ ಹುಬ್ಬೇರಿಸುತ್ತಾರೆ.

1918ರಲ್ಲಿ ನಂಜನಗೂಡಿನಲ್ಲಿ ಹುಟ್ಟಿದ ರಾಮಮೂರ್ತಿಯವರಿಗೆ ಪತ್ರಿಕೆ ಮನೆಯ ಕಸುಬು. ತಂದೆ ಸೀತಾರಾಮಶಾಸ್ತ್ರಿಗಳಿಗೆ ಅವರು ನಡೆಸಿದ ‘ವೀರಕೇಸರಿ’ ಪತ್ರಿಕೆಯೇ ಬಿರುದಾಗಿ ಅಂಟಿಕೊಂಡಿತ್ತು. ಮಗನೂ ಪತ್ರಿಕೆ ಹೊರಡಿಸಿದರು. ‘ಕನ್ನಡ ಯುವಜನ’ ಅವುಗಳಲ್ಲಿ ಹೆಸರಾದದ್ದು.

ಪತ್ರಿಕೆಯವರು ಪತ್ತೇದಾರಿಗೆ ಕೈ ಹಾಕಿದ್ದು ಅವರಿಂದಲೇ ಶುರುವಾದದ್ದಲ್ಲ. ಮೈಸೂರಿನ ‘ತಾತಯ್ಯ’ ಎಂ. ವೆಂಕಟಕೃಷ್ಣಯ್ಯ (1844-1933) ಸಂಪಾದಕರಾಗಿ ದಿವಾನರ ಆಡಳಿತಕ್ಕೆ ಬಿಸಿ ಮುಟ್ಟಿಸಿದವರು. ‘ಚೋರಗ್ರಹಣ ತಂತ್ರ’ ಎಂಬ ಪತ್ತೇದಾರಿ ಕೃತಿ ಬರೆದವರೂ ಅವರೇ. ಅತ್ತ ಲಂಡನ್ನಿನ ಚೆಸ್ಟರ್‌ಟನ್ ವಾರವಾರ ಅಂಕಣ ಬರೆಯುತ್ತಲೇ ಫಾದರ್ ಬ್ರೌನ್ ಎಂಬ ಪಾದ್ರಿಯಿಂದ ಕೊಲೆಗಾರರನ್ನು ಹಿಡಿಸಿದರು. ಇದರಲ್ಲಿ ಸೋಜಿಗವೇನಿಲ್ಲ. ಯಾರು, ಎಲ್ಲಿ, ಯಾವಾಗ, ಯಾಕೆ ಎಂದು ಕೇಳುವುದೇ ವರದಿಗಾರನ ದಿನದ ಕೂಲಿ. ಒಂದು ವ್ಯತ್ಯಾಸ: ಸುದ್ದಿಯಲ್ಲಿ ಕೊಂದವನ ಹೆಸರು ಮೊದಲ ಸಾಲಿಗೇ ಬರಬೇಕು, ಕಾದಂಬರಿಯಲ್ಲಿ ಕೊನೆಯ ಪುಟದವರೆಗೆ ಬಚ್ಚಿಡಬೇಕು. ಅಚ್ಚಿನ ಹುಡುಗ ಬಾಗಿಲಲ್ಲಿ ನಿಂತಾಗ ಬರೆದು ಮುಗಿಸುವ ಅಭ್ಯಾಸವಂತೂ ಎರಡಕ್ಕೂ ಬೇಕು. ಸ್ಫೂರ್ತಿಗೆ ಕಾಯುವವರು ನೂರು ಕಾದಂಬರಿ ಬರೆಯಲಾರರು.

ರಾಮಮೂರ್ತಿಯವರ ಕಾಲದ ಪತ್ತೇದಾರಿ ಪುಸ್ತಕ ಎಂದರೆ ಒರಟು ಕಾಗದ, ಅಂಗೈ ಅಗಲದ ಅಳತೆ, ರಟ್ಟಿನ ಮೇಲೆ ಪಿಸ್ತೂಲು. ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಮಾರಾಟ, ಸರ್ಕ್ಯುಲೇಟಿಂಗ್ ಲೈಬ್ರರಿಯಲ್ಲಿ ಬಾಡಿಗೆ. ಕೈಯಿಂದ ಕೈಗೆ ಹೋಗಿ ಕೊನೆಯ ಹಾಳೆ ಹರಿದಿರುತ್ತಿತ್ತು; ಇಲ್ಲವೇ ಮೊದಲೇ ಓದಿದ ಯಾವನೋ ಕಿಡಿಗೇಡಿ ಎರಡನೇ ಪುಟದಲ್ಲೇ ಕೊಲೆಗಾರನ ಹೆಸರನ್ನು ಪೆನ್ಸಿಲಿನಲ್ಲಿ ಗೀಚಿರುತ್ತಿದ್ದ! ಮೇಷ್ಟರಿಗೆ ಕಾಣದಂತೆ ಪಠ್ಯಪುಸ್ತಕದೊಳಗೆ ಇಟ್ಟುಕೊಂಡು ಓದಿದವರಿಗೆ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ನೆನಪಿದ್ದಾನೆ. ಸಣ್ಣ ಊರುಗಳಲ್ಲಿ ಕನ್ನಡದ ಓದನ್ನು ರೂಢಿ ಮಾಡಿಸಿದ್ದರಲ್ಲಿ ಈ ಪುಸ್ತಕಗಳ ಪಾಲು ದೊಡ್ಡದು ಎಂದೇ ನನ್ನ ನಂಬಿಕೆ. ವಿಮರ್ಶಕರು ಮೂಗು ಮುರಿದರು, ಓದುಗರು ಕ್ಯೂ ನಿಂತರು.

ಅರವತ್ತರ ದಶಕದಲ್ಲಿ ಕಾದಂಬರಿಕಾರ ಅ.ನ.ಕೃ. ಮುಂದಾಳುತನದಲ್ಲಿ ಬೆಂಗಳೂರಿನ ಕನ್ನಡ ಚಳವಳಿ ಕಾವೇರಿತು. ಅದರಲ್ಲಿ ಧುಮುಕಿದ ರಾಮಮೂರ್ತಿ ‘ಕನ್ನಡ ಪಕ್ಷ’ ಕಟ್ಟಿದರು. ಊರ ತುಂಬ ಪರಭಾಷಾ ಪಕ್ಷದ ಬಾವುಟ ಹಾರುವಾಗ ಕನ್ನಡಿಗರಿಗೂ ಒಂದು ಬೇಡವೇ ಎಂದು ಹಳದಿ-ಕೆಂಪಿನ ಬಾವುಟ ತಂದರು. ಮೊದಲ ರೂಪದಲ್ಲಿ ನಾಡಿನ ಭೂಪಟ, ಭತ್ತದ ತೆನೆಯೂ ಇದ್ದವು. ಬಳಕೆಯಲ್ಲಿ ಉಳಿದದ್ದು ಎರಡು ಬಣ್ಣ ಮಾತ್ರ. ಜನರ ಕಣ್ಣು ಎಲ್ಲಿ ನಿಲ್ಲುತ್ತದೆ ಎಂಬುದು ರಟ್ಟಿನ ಮೇಲಿನ ಚಿತ್ರದಿಂದಲೇ ಪುಸ್ತಕ ಬಿಕರಿಯಾಗುವ ಲೋಕದಲ್ಲಿ ಪಳಗಿದವರಿಗೆ ತಿಳಿಯದೇ?

1967ರ ಡಿಸೆಂಬರ್ 25ರಂದು, ಬಾವಿ ತೋಡುವಾಗ ಮಣ್ಣು ಕುಸಿದು ಅವರೂ ಅವರ ಇಬ್ಬರು ಗಂಡುಮಕ್ಕಳೂ ತೀರಿಕೊಂಡರು. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರಲ್ಲಿ; ಅದನ್ನು ನೋಡಲು ಅವರಿರಲಿಲ್ಲ.

ಚಳವಳಿಯವರು ಬಾವುಟವನ್ನು ಇಟ್ಟುಕೊಂಡು ಕಾದಂಬರಿಗಳನ್ನು ಬಿಟ್ಟರು. ಸಾಹಿತ್ಯ ಚರಿತ್ರೆಯವರಿಗೆ ಎರಡೂ ಬೇಡವಾಯಿತು. ಮಧುಗಿರಿಯಲ್ಲೋ ಪಾವಗಡದಲ್ಲೋ ಯಾರದಾದರೂ ಅಟ್ಟದ ಮೇಲೆ ರಟ್ಟು ಹೋದ ಹಳೆಯ ಪತ್ತೇದಾರಿ ಕಾದಂಬರಿಗಳಿದ್ದರೆ, ರದ್ದಿಯವನ ತಕ್ಕಡಿಗೆ ಹಾಕುವ ಮುಂಚೆ ಬರೆದವರ ಹೆಸರನ್ನೊಮ್ಮೆ ನೋಡಿ.