ತಮಿಳು ಕಲೀಬೇಕಾ? ಚೆನ್ನೈ ಮಕ್ಕಳನ್ನ ಕೇಳಿ

ಕೆಲಸಕ್ಕೆ ಅಂತ ಚೆನ್ನೈಗೆ ಬಂದಿದ್ದೀರಿ. ಆಫೀಸಲ್ಲಿ ಇಂಗ್ಲಿಷ್, ರೂಮಲ್ಲಿ ಕನ್ನಡ. ತಮಿಳು ನಾಲಿಗೆಗೆ ಹತ್ತೋದು ಯಾವಾಗ?

ಭಾನುವಾರ, ಮಕ್ಕಳ ಜೊತೆ ಕೂತಾಗ!

2006ರಲ್ಲಿ ಇದೇ ಊರಲ್ಲಿ ಗೆಳೆಯರ ಗುಂಪೊಂದು ಕಟ್ಟಿದ ‘ಭೂಮಿ’ ಸಂಸ್ಥೆಯ ಸ್ವಯಂಸೇವಕರು ವಾರಾಂತ್ಯದಲ್ಲಿ ಮಕ್ಕಳಿಗೆ ಇಂಗ್ಲಿಷ್, ಗಣಿತ ಹೇಳಿಕೊಡ್ತಾರೆ. ನೀವೂ ಅವರ ಜೊತೆ ಸೇರಿ ಗುಣಾಕಾರ ಕಲಿಸಿ, ಮಕ್ಕಳು ನಿಮ್ಮ ತಮಿಳು ತಿದ್ದುತ್ತಾರೆ. ದೊಡ್ಡವರ ಹಾಗೆ ಮರ್ಯಾದೆಗೆ ಸುಮ್ಮನಿರಲ್ಲ, ತಪ್ಪಾದ್ರೆ ಮುಖಕ್ಕೇ ನಗ್ತಾರೆ. (ಎರಡು ವಾರ ಬಂದು ಮಾಯವಾಗೋರಾದ್ರೆ ದಯವಿಟ್ಟು ಹೆಸರು ಕೊಡಬೇಡಿ.)

ಲಿಪಿ ಕಷ್ಟವೇ? ಕ, ಖ, ಗ, ಘ ನಾಲ್ಕಕ್ಕೂ ತಮಿಳಲ್ಲಿ ಒಂದೇ ಅಕ್ಷರ. ಜಾಗ ನೋಡಿ ಉಚ್ಚಾರ ಬದಲಾಗುತ್ತೆ. ಮಹಾಪ್ರಾಣದ ಕಾಟವೇ ಇಲ್ಲ. ನಿಜವಾದ ಪರೀಕ್ಷೆ ‘ೞ’. ಹಳಗನ್ನಡದಲ್ಲೂ ಇತ್ತು, ನಾವು ಕೈಬಿಟ್ವಿ. ತಮಿಳರು ಉಳಿಸಿಕೊಂಡ್ರು. ನಾಲಿಗೆ ಎಷ್ಟು ಮಡಚಬೇಕು ಅನ್ನೋದನ್ನ ಐದನೇ ಕ್ಲಾಸಿನ ಮಕ್ಕಳೇ ಬಾಯಿ ತೆರೆದು ತೋರಿಸ್ತಾರೆ.